ಕೇಳುವವರ ದನಿಯೂ ಕೇಳಿಸಲಿ

ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಬಸ್ಸಿನಲ್ಲಿ ಬಂದರೆ ನಡುವೆ ರಾಜ್ಯವೇ ಬದಲಾಗುತ್ತದೆ. ಎಷ್ಟೋ ಕುಟುಂಬಗಳ ಮನೆಮಾತು ಮಾತ್ರ ಎರಡೂ ಕಡೆ ಒಂದೇ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರಲ್ಲಿ. ನೆಲದಗುಂಟ ಸಾಗುವ ಮಧ್ಯಮ ತರಂಗಕ್ಕೆ ರಾಜ್ಯದ ಗಡಿ ಅಡ್ಡಬರುವುದಿಲ್ಲ. ಮಕ್ಕಳು ಮರಾಠಿ ಶಾಲೆಗೆ ಹೋಗುವ ಮನೆಗೆ ಕನ್ನಡ ಬರುವ ದಾರಿಗಳಲ್ಲಿ ರೇಡಿಯೋ ಕೂಡ ಒಂದು.

ಆದರೆ ಕಿವಿಗೆ ಬಿದ್ದದ್ದೆಲ್ಲ ಮನಸ್ಸಿನಲ್ಲಿ ಉಳಿಯುತ್ತದೆಯೇ? ಇಚಲಕರಂಜಿಯಲ್ಲಿ ಪಾಳಿ ಮುಗಿಸಿ, ಕಿವಿಯಲ್ಲಿ ಇನ್ನೂ ಪವರ್‌ಲೂಮಿನ ಸದ್ದು ತುಂಬಿಕೊಂಡು ಬಂದವನಿಗೆ ಉದ್ದುದ್ದ ವಾಕ್ಯಗಳ ಭಾಷಣ ಹಿಡಿಸೀತೇ? ಅವನಿಗೆ ಚಿಕ್ಕ ಮಾತು ಬೇಕು, ತನ್ನ ಓಣಿಯ ಸಂಗತಿ ಬೇಕು. ಹಾಡು ಈಗ ಮೊಬೈಲಿನಲ್ಲೂ ಸಿಗುತ್ತದೆ ಬಿಡಿ.

ಕೋಲಾರವೂ ಗಡಿ ಜಿಲ್ಲೆಯೇ. ಅಲ್ಲಿನ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಹಳ್ಳಿಯವರಿಗೆ ಪ್ರಸಾರದ ಪರವಾನಗಿಯೇ ಸಿಗುತ್ತಿರಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ; ಟಿ.ವಿ. ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಮನೆಮನೆಗೆ ಹರಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಮೈಕಿನ ಮುಂದೆ ಕುಳಿತರು. ಪಕ್ಕದ ಮನೆಯವಳ ದನಿ ರೇಡಿಯೋದಲ್ಲಿ ಬಂದರೆ ಕೈಯಲ್ಲಿದ್ದ ಕೆಲಸ ತಾನಾಗಿಯೇ ನಿಲ್ಲುತ್ತದಲ್ಲವೇ!

2006ರಲ್ಲಿ ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. ಕೊಲ್ಹಾಪುರದ ಕಡೆ ಯಾರಾದರೂ ಅಂಥದ್ದಕ್ಕೆ ಮನಸ್ಸು ಮಾಡಿದರೆ, ಮೊದಲು ಗಡಹಿಂಗ್ಲಜದ ಸಂತೆಗೆ ಮೈಕು ಒಯ್ಯಲಿ. ಮೆಣಸಿನಕಾಯಿ ಮಾರುವ ಅಜ್ಜಿ ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸಿಯಾಳು. ಅದನ್ನು ತಿದ್ದದೆ, ಹಾಗೆಯೇ ಬಿತ್ತರಿಸಲಿ.