ಮೂರು ವೋಲ್ಟ್ ಎಲ್ಲಿ ಹೋಯಿತು?

ಟೆನೆಸಿಯ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಎಲ್ಕ್‌ಮಾಂಟ್ ಎಂಬ ಕ್ಯಾಂಪ್ ಇದೆ. ಹೊಳೆಯಿದೆ, ಕಾಡಿದೆ, ಕರೆಂಟ್ ಪಾಯಿಂಟ್ ಮಾತ್ರ ಇಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ 7 ಗಂಟೆಗೆ ಹೊರಡುವ ಆತುರದಲ್ಲಿ, ನಮ್ಮ 30 ಅಡಿ ಮೋಟರ್‌ಹೋಮ್‌ನ ಸ್ಲೈಡ್‌ಔಟ್ ಒಳಗೆಳೆಯಲು ಭಾವ ಬಟನ್ ಒತ್ತಿದರು. ಸೋಫಾ, ಊಟದ ಮೇಜು ಎರಡನ್ನೂ ಹೊತ್ತು ಗೋಡೆಯಿಂದ ಹೊರಕ್ಕೆ ಜಾರುವ ಆ ಪೆಟ್ಟಿಗೆ ಅರ್ಧ ದಾರಿ ಬಂದು, ನರಳಿ, ನಿಂತಿತು. ಅದರ ಒಂದು ಅಂಚು ಇನ್ನೊಂದಕ್ಕಿಂತ ಒಂದೂವರೆ ಇಂಚು ಹಿಂದೆ ಉಳಿದಿತ್ತು. “ಭಾವ, ಬಟನ್ ಬಿಡಿ, ಬಿಡಿ!” ಎಂದು ಹೊರಗಿನಿಂದ ಕೂಗಿದೆ. ಆ ಸ್ಥಿತಿಯಲ್ಲಿ ಗಾಡಿಯನ್ನು ರಸ್ತೆಗೆ ತರುವಂತಿಲ್ಲ, 8 ಗಂಟೆಗೆ ಮುಂಚೆ ಜನರೇಟರ್ ಹಾಕುವಂತೆಯೂ ಇಲ್ಲ. ಮಕ್ಕಳು ಚಳಿಯಲ್ಲಿ ಹೊರಗೆ ನಿಂತಿದ್ದರು. ಕೊನೆಗೆ ಜನರೇಟರ್ ಹಾಕಿ, ನಾಲ್ಕು ಜನ ಹೊರಗಿನಿಂದ ತಳ್ಳಿ ಅದನ್ನು ಒಳಸೇರಿಸಿದೆವು.

ಓಹಾಯೋದ ನಮ್ಮ ಊರಿಗೆ ಮರಳಿ ಒಂದು ವರ್ಕ್‌ಶಾಪಿಗೆ ಬಿಟ್ಟೆವು. ಎರಡು ಮೋಟಾರು, ತಲಾ 240 ಡಾಲರ್. ಕೂಲಿ ನಾಲ್ಕೂವರೆ ಗಂಟೆ, ಗಂಟೆಗೆ 180ರಂತೆ 810. ಒಟ್ಟು 1,290 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 1 ಲಕ್ಷ 10 ಸಾವಿರದ ಹತ್ತಿರ. ಮುಂದಿನ ಪ್ರವಾಸದಲ್ಲಿ ಸ್ಲೈಡ್ ಮತ್ತೆ ಅದೇ ಜಾಗದಲ್ಲಿ ಅದೇ ಓರೆಯಾಗಿ ನಿಂತಿತು. ಆಮೇಲೆ ನಾನೇ ಲೆಕ್ಕಕ್ಕೆ ಕುಳಿತೆ.

ಈ ಪೆಟ್ಟಿಗೆಯ ರಗಳೆ ಯಾಕೆ ಬೇಕು ಎಂಬುದಕ್ಕೆ ಉತ್ತರ ರಸ್ತೆಯ ಅಳತೆಯಲ್ಲಿದೆ. ಅಮೆರಿಕದ ಹೆದ್ದಾರಿಗಳಲ್ಲಿ ಗಾಡಿಯ ಅಗಲದ ಮಿತಿ 102 ಇಂಚು, ಅಂದರೆ ಎಂಟೂವರೆ ಅಡಿ. ಗೋಡೆಗಳ ದಪ್ಪ ಕಳೆದರೆ ಒಳಗೆ ಸಿಗುವುದು ಎಂಟು ಅಡಿ. ಓಡುವಾಗ ಇದಕ್ಕಿಂತ ಅಗಲವಾಗುವಂತಿಲ್ಲ, ನಿಂತಾಗ ಆಗಬಹುದು. ಇಂಡಿಯಾನಾದ ನ್ಯೂಮಾರ್ ಕಂಪನಿ 1990ರಲ್ಲಿ ಗೋಡೆಯ ಒಂದು ಭಾಗವೇ ಹೊರಕ್ಕೆ ಜಾರುವ ಏರ್ಪಾಡನ್ನು ತಂದಿತು. ಚಾಲಕನ ಸೀಟಿನ ಹಿಂದೆ ನಮ್ಮ ಗಾಡಿಯಲ್ಲಿ ಉಳಿಯುವ ನೆಲ 22 ಅಡಿ ಉದ್ದ, 8 ಅಡಿ ಅಗಲ: 176 ಚದರಡಿ. 12 ಅಡಿ ಉದ್ದ, ಎರಡೂವರೆ ಅಡಿ ಆಳದ ಎರಡು ಸ್ಲೈಡ್‌ಗಳು ಸೇರಿಸುವುದು 60 ಚದರಡಿ. ಮೂರನೇ ಒಂದು ಪಾಲು ಹೆಚ್ಚು ಜಾಗ. ಮಳೆಗಾಲದ ಸಂಜೆ ಆರು ಜನ ಒಟ್ಟಿಗೆ ಕೂತು ಉಣ್ಣಲು ಆಗುತ್ತದೆಯೋ ಇಲ್ಲವೋ ಎನ್ನುವ ವ್ಯತ್ಯಾಸ ಅದು. ಸ್ಲೈಡ್ ಇಲ್ಲದ ಗಾಡಿ ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ.

ಈ 60 ಚದರಡಿಗೆ ತೆರುವ ಬೆಲೆ ಮೊದಲು ಕಾಣುವುದು ರಬ್ಬರ್ ಬೀಡಿಂಗಿನಲ್ಲಿ. 12 ಅಡಿ ಉದ್ದ, 6 ಅಡಿ ಎತ್ತರದ ಕಿಂಡಿಯ ಸುತ್ತಳತೆ 36 ಅಡಿ. ಒಳಬದಿಗೆ ಒಂದು, ಹೊರಬದಿಗೆ ಒಂದು ಸುತ್ತು. ಎರಡು ಸ್ಲೈಡಿಗೆ ಒಟ್ಟು 144 ಅಡಿ ರಬ್ಬರ್. ಅದರಲ್ಲಿ ಎಲ್ಲಿ ಬಿರುಕು ಬಿಟ್ಟರೂ ನೀರಿಗೆ ದಾರಿ. ಒಂದು ಇಂಚು ಮಳೆ ಬಂದರೆ ಒಂದು ಸ್ಲೈಡಿನ 30 ಚದರಡಿ ಸೂರಿನ ಮೇಲೆ ಬೀಳುವ ನೀರು ಸುಮಾರು 71 ಲೀಟರ್, ನಾಲ್ಕೈದು ಬಿಂದಿಗೆ. ಸೂರಿನ ಮೇಲೆ ಬಟ್ಟೆಯ ಹೊದಿಕೆ ಇಲ್ಲದಿದ್ದರೆ, ಸ್ಲೈಡ್ ಒಳಗೆ ಬರುವಾಗ ಅಲ್ಲಿ ನಿಂತ ನೀರನ್ನೆಲ್ಲ ತಡೆಯಬೇಕಾದದ್ದು ಬೆರಳಗಲದ ರಬ್ಬರ್ ತುಟಿ ಒಂದೇ. ಒಳಗಿನ ನೆಲ ಪ್ಲೈವುಡ್ಡೋ ಮರದ ಚಕ್ಕೆ ಒತ್ತಿ ಮಾಡಿದ ಹಲಗೆಯೋ ಆಗಿರುತ್ತದೆ. ಒಮ್ಮೆ ನೀರು ಕುಡಿದರೆ ಉಬ್ಬುತ್ತದೆ, ಆಮೇಲೆ ಕೊಳೆಯುತ್ತದೆ. ರಬ್ಬರನ್ನು ಪೂರ್ತಿ ಬದಲಿಸಲು ಅಡಿಗೆ 5 ಡಾಲರ್ ಹಿಡಿದರೂ 720 ಡಾಲರ್. ಕೊಳೆತ ನೆಲ ಬಿಚ್ಚಿ ಕಟ್ಟಲು 20 ಗಂಟೆ ಹಿಡಿದರೆ, ಸಾಮಾನು ಬಿಟ್ಟು ಕೂಲಿಯೇ 3,600.

ನಮ್ಮ ತೊಂದರೆ ನೀರಿನದಾಗಿರಲಿಲ್ಲ. ನಮ್ಮದು ಗೋಡೆಯೊಳಗೇ ಅಡಗಿರುವ ಯಂತ್ರ: ಪೆಟ್ಟಿಗೆಯ ಎರಡು ಪಕ್ಕಕ್ಕೆ ಅಲ್ಯೂಮಿನಿಯಮ್ ಹಲ್ಲುಪಟ್ಟಿ, ಪ್ರತಿ ಪಕ್ಕಕ್ಕೆ 12 ವೋಲ್ಟಿನ ಒಂದು ಪುಟ್ಟ ಮೋಟಾರು. ಇಂಥವುಗಳಲ್ಲಿ ಮೋಟಾರು 300 ಅಥವಾ 500 ಸುತ್ತು ತಿರುಗಿದರೆ ಹೊರಗಿನ ಅಚ್ಚು ಸುತ್ತುವುದು ಒಂದೇ ಸುತ್ತು. ಪುಟ್ಟ ಮೋಟಾರಿಗೆ ಅಷ್ಟು ಬಲ ಬರುವುದು ಹಾಗೆ. ಎರಡೂ ಮೋಟಾರುಗಳ ಸುತ್ತನ್ನು ಕಂಟ್ರೋಲರ್ ಎಣಿಸುತ್ತಾ ಸಮ ಮಾಡುತ್ತದೆ. ಒಂದು ಹಿಂದೆ ಬಿದ್ದರೆ ಹಳೆ ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದ ಹಾಗೆ, ಪೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಗಾಡಿ ಪಕ್ಕಕ್ಕೆ ವಾಲಿದ್ದರೂ ಕಷ್ಟವೇ. ಸ್ಲೈಡು 800 ಪೌಂಡ್ ತೂಗುತ್ತದೆಂದುಕೊಂಡರೆ, 3 ಡಿಗ್ರಿ ವಾಲಿಕೆಗೆ ಮೋಟಾರುಗಳ ಮೇಲೆ ಬೀಳುವ ಹೆಚ್ಚುವರಿ ಭಾರ 19 ಕೆಜಿ.

ಅಸಲು ಕಾರಣ ಕಂಡದ್ದು 25 ಡಾಲರಿನ ಮಲ್ಟಿಮೀಟರಿನಲ್ಲಿ. ಎಲ್ಕ್‌ಮಾಂಟಿನ ಆ ರಾತ್ರಿ ಹೀಟರಿನ ಫ್ಯಾನು 8 ಆಂಪಿನಂತೆ ಐದು ಗಂಟೆ ಓಡಿತ್ತು ಎಂದರೆ, ನಮ್ಮ 100 ಆಂಪ್-ಅವರ್ ಬ್ಯಾಟರಿಯಲ್ಲಿ 40 ಅಲ್ಲಿಗೇ ಖಾಲಿ. ಅರ್ಧ ಖಾಲಿಯಾದ ಸೀಸದ ಬ್ಯಾಟರಿ ತೋರಿಸುವುದು 12.1 ವೋಲ್ಟ್ ಆಸುಪಾಸು. ಮನೆಯ ಮುಂದೆ ಬ್ಯಾಟರಿಯನ್ನು ಅಷ್ಟೇ ಇಳಿಸಿ, ಭಾವ ಬಟನ್ ಒತ್ತಿರುವಾಗಲೇ ಅಳೆದೆ. ಬ್ಯಾಟರಿಯ ಬಳಿ 11.8. ಕಂಟ್ರೋಲರಿನ ಬಳಿ 8.8.

ನಡುವೆ 3 ವೋಲ್ಟ್ ಮಾಯ. ಬಟನ್ ಒತ್ತದೆ ಅಳೆದಿದ್ದರೆ ಎರಡೂ ಕಡೆ 12.1 ಇರುತ್ತಿತ್ತು, ಯಾಕೆಂದರೆ ಕರೆಂಟ್ ಹರಿಯದಿದ್ದರೆ ನಷ್ಟವೂ ಕಾಣುವುದಿಲ್ಲ. ವರ್ಕ್‌ಶಾಪಿನಲ್ಲಿ ಗಾಡಿಯನ್ನು ಗೋಡೆಯ ಕರೆಂಟಿಗೆ ಸಿಕ್ಕಿಸಿದ್ದರು. ಆಗ ಚಾರ್ಜರ್ 13.6 ಕೊಡುತ್ತದೆ, ಸ್ಲೈಡ್ ಸಲೀಸಾಗಿ ಓಡುತ್ತದೆ. ಹೊಸ ಮೋಟಾರಿನಿಂದ ಸರಿಹೋಯಿತು ಎಂದು ಅವರೂ ನಂಬಿದರು, ನಾವೂ ನಂಬಿದೆವು.

ಲೆಕ್ಕ ಹೀಗೆ. ಬ್ಯಾಟರಿಯಿಂದ ಕಂಟ್ರೋಲರಿಗೆ 25 ಅಡಿ, ಹೋಗಿಬರುವ ದಾರಿ 50 ಅಡಿ. 10 ಗೇಜಿನ ತಾಮ್ರದ ತಂತಿಗೆ ಸಾವಿರ ಅಡಿಗೆ 1 ಓಮ್ ತಡೆ, 50 ಅಡಿಗೆ 0.05. ಅದರಲ್ಲಿ 30 ಆಂಪ್ ಹರಿದರೆ ಒಂದೂವರೆ ವೋಲ್ಟ್ ತಂತಿಯಲ್ಲೇ ಕರಗುತ್ತದೆ. ಇನ್ನೊಂದೂವರೆ ಎಲ್ಲಿ? ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿದಾಗ ಸಿಕ್ಕಿತು: ಚಾಸಿಗೆ ಅರ್ತ್ ವೈರ್ ಬಿಗಿದಿದ್ದ ಬೋಲ್ಟ್. ತಂತಿಯ ತುದಿಯ ಲಗ್ಗಿನ ಅಡಿಯ ಪೇಂಟನ್ನು ಕೆರೆಯದೇ ಬಿಗಿದಿದ್ದರು. ಅದರ ಮೇಲೆ ಓಹಾಯೋದ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಸೇರಿ, ಇಡೀ ಕೀಲು ಕಂದು ಪುಡಿಯಾಗಿತ್ತು. ಆ ಒಂದು ಕೀಲೇ 0.05 ಓಮ್. 30 ಆಂಪ್ ಹರಿದಾಗ ಅಲ್ಲಿ ಹುಟ್ಟುವ ಬಿಸಿ 45 ವ್ಯಾಟ್, ಒಂದು ಸಾಲ್ಡರಿಂಗ್ ಐರನ್ನಿನಷ್ಟು. ಬೆರಳಿಟ್ಟರೆ ಸುಡುತ್ತಿತ್ತು.

ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಬೋಲ್ಟ್ ಹಾಕಿ, ಗ್ರೀಸ್ ಬಳಿದೆ. ತಂತಿಯನ್ನು 6 ಗೇಜಿಗೆ ಏರಿಸಿದೆ: 50 ಅಡಿಗೆ 90 ಡಾಲರ್, ಲಗ್ಗು ಸ್ಲೀವು 20. ಆ ತಂತಿಯಲ್ಲಿ ನಷ್ಟ 0.6 ವೋಲ್ಟ್ ಮಾತ್ರ. ಮೀಟರ್ ಸೇರಿ ಖರ್ಚು 135 ಡಾಲರ್, ಒಂದು ಭಾನುವಾರ.

ಮುಂದಿನ ಮೇಲ್ದರ್ಜೆ ಎಂದರೆ ಲಿಥಿಯಂ ಬ್ಯಾಟರಿ. ಅದು ಅರ್ಧ ಖಾಲಿಯಾದರೂ 13 ವೋಲ್ಟಿನ ಮೇಲೆಯೇ ನಿಲ್ಲುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ, ಹಳೆಯ ಚಾರ್ಜರ್ ಹೊಂದದಿದ್ದರೆ ಅದನ್ನೂ ಬದಲಿಸಬೇಕು. ಚಳಿಯ ಊರಿನವರು ಯೋಚಿಸಿ ಕೊಳ್ಳಲಿ. ಹಲ್ಲುಪಟ್ಟಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಗುಟ್ಟಗಳು ಸವೆದಿವೆಯೇ ಎಂದು ವರ್ಷಕ್ಕೊಮ್ಮೆ ನೋಡುವುದಕ್ಕೆ ಮಾತ್ರ ಖರ್ಚಿಲ್ಲ.

ನನಗೆ ನಿಜವಾಗಿ ಸಂಕಟವಾಗುವುದು ಇನ್ನೊಂದು ಲೆಕ್ಕ ನೋಡಿದಾಗ. ಬಹುತೇಕ ಹೊಸ ಗಾಡಿಗಳಿಗೆ ವಾರಂಟಿ ಒಂದು ವರ್ಷ. ಬ್ಯಾಂಕ್ ಸಾಲವೋ 15, 20 ವರ್ಷ. ಎಳೆಯುವ ಟ್ರೈಲರುಗಳೂ ಸೇರಿ 2021ರಲ್ಲಿ ಕಾರ್ಖಾನೆಗಳಿಂದ ಹೊರಟ ಇಂಥ ಗಾಡಿಗಳು 6,00,240, ಹಿಂದೆಂದೂ ಇಲ್ಲದ ಸಂಖ್ಯೆ, 2023ರಲ್ಲಿ 3,13,174. 2021ರ ಆ ಗಾಡಿಗಳ ಒಂದು ವರ್ಷದ ವಾರಂಟಿ ಮುಗಿದು ಎಷ್ಟೋ ಕಾಲವಾಯಿತು. ಅವುಗಳ ಕೆಳಗೆ ಪೇಂಟಿನ ಮೇಲೆ ಬಿಗಿದ ಇಂಥ ಬೋಲ್ಟುಗಳು ಎಷ್ಟಿದ್ದರೂ, ಉಜ್ಜುವ ಖರ್ಚು ಈಗ ಮಾಲೀಕರದೇ.

ಈ ವರ್ಷ ಎಲ್ಕ್‌ಮಾಂಟಿನಲ್ಲಿ ಮತ್ತೆ ಎರಡು ರಾತ್ರಿ ಇದ್ದೆವು, ಅದೇ ಹಳೆಯ ಬ್ಯಾಟರಿಯಲ್ಲಿ. ಬೆಳಿಗ್ಗೆ 7 ಗಂಟೆಗೆ ಭಾವ ಬಟನ್ ಒತ್ತಿದರು, ನಾನು ಮೀಟರ್ ಹಿಡಿದೆ. ಕಂಟ್ರೋಲರಿನ ಬಳಿ 11.2. ಎರಡೂ ಅಂಚು ಒಟ್ಟಿಗೆ ಒಳಬಂದು ರಬ್ಬರಿಗೆ ಒತ್ತಿಕೊಂಡವು.