ಸಿಪಾಯಿಯ ಸೊಂಟಕ್ಕೊಂದು ಸಲಿಕೆ

ಕಳೆದ ಭಾನುವಾರ ನನ್ನ ಮೊಮ್ಮಗ ಸೈನಿಕನ ಚಿತ್ರ ಬರೆದು ತಂದು ತೋರಿಸಿದ. ಬಂದೂಕು, ಕಬ್ಬಿಣದ ಟೋಪಿ, ಬೂಟು, ಮೀಸೆ ಎಲ್ಲವೂ ಇತ್ತು. "ಎಲ್ಲಾ ಸರಿ, ಸಲಿಕೆ ಎಲ್ಲೋ?" ಎಂದೆ. "ಸಲಿಕೆ ಇರೋದು ತೋಟದ ಮಾಲಿ ಹತ್ರ ಅಲ್ವಾ ತಾತ?" ಎಂದು ನಕ್ಕುಬಿಟ್ಟ. ನೀವೂ ನಕ್ಕಿರಬಹುದು. ಆದರೆ ಮಕ್ಕಳೇ, ಯುದ್ಧಕ್ಕೆ ಹೊರಟ ಸಿಪಾಯಿ ಬಂದೂಕು ಹುಟ್ಟುವುದಕ್ಕೂ ಎಷ್ಟೋ ಶತಮಾನ ಮೊದಲೇ ಅಗೆಯುವ ಸಾಮಾನು ಹೊತ್ತು ನಡೆದಿದ್ದಾನೆ.

ಸುಮಾರು 2000 ವರ್ಷ ಹಿಂದಿನ ರೋಮನ್ ಕಾಲಾಳುವನ್ನೇ ನೋಡಿ. ಆ ಕಾಲದ ಇತಿಹಾಸಕಾರ ಜೋಸೀಫಸ್ ಅವನ ಹೊರೆಯನ್ನು ಪಟ್ಟಿ ಮಾಡಿದ್ದಾನೆ. ಆಯುಧಗಳಲ್ಲದೆ ಗರಗಸ, ಬುಟ್ಟಿ, ಪಿಕಾಸಿ, ಕೊಡಲಿ, ಚರ್ಮದ ಪಟ್ಟಿ, ಕುಡುಗೋಲು, ಸರಪಳಿ, ಜೊತೆಗೆ ಮೂರು ದಿನದ ಆಹಾರ! ಹೇಸರಗತ್ತೆಗೂ ಈ ಸೈನಿಕನಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದೂ ಅವನು ಸೇರಿಸಿದ್ದಾನೆ. ಶತ್ರುನಾಡಿನಲ್ಲಿ ಇಡೀ ದಿನ ನಡೆದು ದಣಿದರೂ ರೋಮನ್ನರು ಹಾಗೇ ಮಲಗುತ್ತಿರಲಿಲ್ಲ. ಬಿಡಾರದ ಸುತ್ತ ಕಂದಕ ತೋಡಿ, ಆ ಮಣ್ಣನ್ನೇ ಒಳಬದಿಗೆ ದಿಬ್ಬವಾಗಿ ಏರಿಸಿ, ಆಮೇಲೆ ನಿದ್ದೆ. ಶತ್ರುವನ್ನು ಗೆಲ್ಲಬೇಕಾದದ್ದು ಪಿಕಾಸಿಯಿಂದ ಎಂಬುದು ಅವರ ಸೇನಾಪತಿ ಕಾರ್ಬುಲೋನ ಅಭಿಪ್ರಾಯವಾಗಿತ್ತು.

ಬಂದೂಕು ಬಂದ ಮೇಲೆ ಈ ಸಾಮಾನುಗಳ ಬೆಲೆ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಿತು. ದೂರದಿಂದ ಹಾರಿಬರುವ ಗುಂಡಿಗೆ ಕತ್ತಿ, ಗುರಾಣಿ ಏನು ಮಾಡೀತು? ಅದನ್ನು ತಡೆಯಬಲ್ಲದ್ದು ಮಣ್ಣು. ಡೆನ್ಮಾರ್ಕ್ ದೇಶ 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳ ವಿರುದ್ಧ ಸೋತಿತು. ಅದಾಗಿ ಐದು ವರ್ಷಕ್ಕೆ, 1869ರಲ್ಲಿ, ಅಲ್ಲಿನ ಲಿನ್ನೆಮನ್ ಎಂಬ ಸೇನಾಧಿಕಾರಿ ಪ್ರತಿಯೊಬ್ಬ ಸಿಪಾಯಿಯೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಗಿಡ್ಡ ಸಲಿಕೆಗೆ ಪೇಟೆಂಟ್ ಪಡೆದ. ಕಾವು ಗಿಡ್ಡವಾದ್ದರಿಂದ ಮಲಗಿಕೊಂಡೇ ಅಗೆಯಬಹುದು. ನಿಂತು ಅಗೆಯುವವನಿಗೆ ಗುಂಡು ತಗಲುತ್ತದೆ ತಾನೇ? ಹರಿತವಾದ ಅಂಚಿನಿಂದ ಕೊಂಬೆ ಕಡಿಯಲೂಬಹುದು. ಮುಂದೆ ಹಲವು ದೇಶಗಳ ಸೈನ್ಯ ಇದೇ ಮಾದರಿಯನ್ನು ಹಿಡಿದವು. ರಷ್ಯದ ಸಿಪಾಯಿಯ ಗಿಡ್ಡ ಸಲಿಕೆ ಸರಿಯಾಗಿ 50 ಸೆಂಟಿಮೀಟರ್ ಉದ್ದ. ಹಾಗಾಗಿ ತೋಡಿದ ಗುಂಡಿಯ ಆಳ ಅಳೆಯುವುದಕ್ಕೂ ಅದೇ ಅಳತೆಕೋಲು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸಿಪಾಯಿಯ ಹತ್ತಿರ ಇದ್ದದ್ದು ಎರಡು ತುಂಡಿನ ಸಾಧನ. ಉಕ್ಕಿನ ತಲೆಯ ಒಂದು ಬದಿ ಸಲಿಕೆ, ಇನ್ನೊಂದು ಬದಿ ಪಿಕಾಸಿ. ಮರದ ಕಾವು ಬೇರೆ. ಬೇಕಾದಾಗ ಕಾವು ತೂರಿಸಿದರೆ ಕೆಲಸಕ್ಕೆ ಸಿದ್ಧ. ಆ ವರ್ಷ ನಮ್ಮ ಭಾರತದ ಸೈನಿಕರೂ ಹಡಗು ಹತ್ತಿ ಫ್ರಾನ್ಸಿಗೆ ಹೋದರು. ಬಿಸಿಲಿನ ನಾಡಿನವರು ಆ ಚಳಿ, ಕೆಸರಿನ ಕಂದಕಗಳಲ್ಲಿ ನಿಂತು ಕಾದರು.

ಕೆನಡಾದಲ್ಲಿ ಒಂದು ತಮಾಷೆಯೂ ನಡೆಯಿತು. ಸಲಿಕೆಯೂ ಗುರಾಣಿಯೂ ಒಂದೇ ಆದರೆ ಹೇಗೆ ಎಂಬ ಯೋಚನೆ ಅಲ್ಲಿನ ಸೇನಾ ಮಂತ್ರಿ ಸ್ಯಾಮ್ ಹ್ಯೂಸ್ ಅವರಿಗೆ ಬಹಳ ಹಿಡಿಸಿತು. ಸಲಿಕೆಯನ್ನು ನೆಲಕ್ಕೆ ನೆಟ್ಟು, ಅದರ ತೂತಿನಿಂದ ಬಂದೂಕು ಹಾರಿಸಬೇಕು. ಒಂದಲ್ಲ ಎರಡಲ್ಲ, 25,000 ಮಾಡಿಸಿದರು. ಗುರಾಣಿ ಎಂದು ಹಿಡಿದರೆ ಗುಂಡು ತೂರಿಕೊಂಡು ಬರುತ್ತಿತ್ತು. ಸಲಿಕೆ ಎಂದು ಅಗೆದರೆ ಮಣ್ಣು ತೂತಿನಿಂದ ಸೋರುತ್ತಿತ್ತು! ತೂಕವೋ ಎರಡು ಕಿಲೋಗೂ ಮೇಲೆ. ಕೊನೆಗೆ ಎಲ್ಲ ಗುಜರಿಗೆ ಹೋಯಿತು. ಖರ್ಚಿನ ವೋಚರ್ ಬರೆದ ಗುಮಾಸ್ತ ಏನೆಂದುಕೊಂಡನೋ!

ನಮ್ಮ ಬೆಂಗಳೂರಿನ ಹೆಸರೂ ಈ ಸಾಮಾನುಗಳ ಪಟ್ಟಿಯಲ್ಲಿದೆ. ಹಲಸೂರಿನ ಹತ್ತಿರದ ಮದ್ರಾಸ್ ಸ್ಯಾಪರ್ಸ್ 1780ರಲ್ಲಿ ಶುರುವಾದ ಪಡೆ. ದಾರಿ, ಸೇತುವೆ, ಕಂದಕ ಇವೇ ಅವರ ಕೆಲಸ. ಆ ಪಡೆಯ ಮೆಕ್‌ಕ್ಲಿಂಟಾಕ್ ಎಂಬ ಕ್ಯಾಪ್ಟನ್ 1912ರಲ್ಲಿ ಸಿಡಿಮದ್ದು ತುಂಬಿದ ಕೊಳವೆಯೊಂದನ್ನು ರೂಪಿಸಿದ. ಒಂದಕ್ಕೊಂದು ಜೋಡಿಸುತ್ತಾ ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ದಾರಿ ತೆರೆದುಕೊಳ್ಳುತ್ತಿತ್ತು. ಇದರ ಹೆಸರೇ 'ಬೆಂಗಳೂರು ಟಾರ್ಪಿಡೊ'. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲೂ ಇದನ್ನು ಬಳಸಿದರು.

ಇಷ್ಟೆಲ್ಲ ನನಗೆ ಆಸಕ್ತಿ ಹುಟ್ಟಲು ಕಾರಣ ಒಬ್ಬ ಹವಾಲ್ದಾರರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ತಿಂಗಳಿಗೊಮ್ಮೆ ಹಣ ತೆಗೆಯಲು ಬರುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದವರು. "ಹವಾಲ್ದಾರ್ರೇ, ಯುದ್ಧದಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದ ಆಯುಧ ಯಾವುದು?" ಎಂದು ಒಂದು ದಿನ ಕೇಳಿದೆ.

"ಸಲಿಕೆ ಸಾರ್" ಎಂದರು.

ಹೊಸದಾಗಿ ಸೇರಿದ್ದಾಗ, ಮಳೆಯಲ್ಲಿ ನಡೆದು ನಡೆದು ಸೋತು, ಭಾರ ಇಳಿಯಲೆಂದು ಯಾರಿಗೂ ಕಾಣದಂತೆ ಸಲಿಕೆಯನ್ನು ಪೊದೆಗೆ ಎಸೆದುಬಿಟ್ಟಿದ್ದರಂತೆ. ಆ ರಾತ್ರಿಯೇ ಶೆಲ್ ದಾಳಿ. ಊಟದ ಡಬ್ಬಿಯಲ್ಲಿ, ಆಮೇಲೆ ಉಗುರಿನಲ್ಲಿ ಮಣ್ಣು ಕೆರೆದರು. ಮೊಣಕಾಲುದ್ದವೂ ಆಗಲಿಲ್ಲ. ಪಕ್ಕದ ಗುಂಡಿಯಲ್ಲಿದ್ದ ಗೆಳೆಯ ಕಾಲರ್ ಹಿಡಿದು ತನ್ನ ಗುಂಡಿಯೊಳಕ್ಕೆ ಎಳೆದುಕೊಂಡ. ಒಬ್ಬನಿಗೆಂದು ತೋಡಿದ ಗುಂಡಿಯಲ್ಲಿ ಇಬ್ಬರು ಬೆಳಗಿನತನಕ ಕೂತರು. ಇಬ್ಬರೂ ಉಳಿದರು.

"ಆಮೇಲೆ ಅನ್ನದ ತಟ್ಟೆ ಮರೆತರೂ ಸಲಿಕೆ ಮರೀಲಿಲ್ಲ ಸಾರ್" ಎಂದವರು, ನೋಟು ಎಣಿಸುವುದನ್ನು ನಿಲ್ಲಿಸಿ, ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ಎರಡು ತಿಂಗಳಾದ ಮೇಲೆ ಅವನಿಗೆ ಗುಂಡು ಬಿತ್ತು. ಮಣ್ಣು ಮಾಡೋಕೆ ಗುಂಡಿ ತೋಡಿದವನು ನಾನೇ. ಅವನದೇ ಸಲಿಕೆಯಲ್ಲಿ."

ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ನಾನು ಟೋಕನ್ ಕೂಗುವುದನ್ನೇ ಮರೆತು ನಿಂತಿದ್ದೆ.

ಈ ಕಥೆ ಕೇಳಿದ ಮೊಮ್ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಚಿತ್ರಕ್ಕೆ ಸಲಿಕೆ ಸೇರಿಸಿದ. ಪಕ್ಕದಲ್ಲಿ ಇನ್ನೊಬ್ಬ ಸೈನಿಕನನ್ನೂ ಬರೆದ. "ಇವನು ಯಾರೋ?" ಎಂದೆ.

"ಗುಂಡಿಯೊಳಗೆ ಜಾಗ ಕೊಟ್ಟವನು ತಾತ" ಎಂದ.