ದೋಣಿಗೆ ಬಂದ ಅಂತರಜಾಲ: ಬಯಲುಸೀಮೆಯ ರೈತರಿಗೊಂದು ಪಾಠ

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಕಡೆ ದೋಣಿಯ ಮಾತೆತ್ತಿದರೆ ನಗು ಬರಬಹುದು. ಕೆರೆ ತುಂಬಿದ ವರ್ಷ ಮೀನು ಹಿಡಿಯುವವರ ತೆಪ್ಪ ಕಂಡರೆ ಅದೇ ಹೆಚ್ಚು. ಹೀಗಿರುವಾಗ, ನೀರಿನ ಮೇಲೆ ಸಾಗುವ ದೋಣಿಗೆ ತಂತಿಯಿಲ್ಲದೆ ಅಂತರಜಾಲ ಒದಗಿಸುವ ವಿಷಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೈತರಿಗೆ ಏಕೆ ಬೇಕು?

ಕಾರಣ ಸರಳವಾಗಿದೆ. ದೋಣಿಗೆ ತಂತಿ ಎಳೆಯಲಾಗದು. ಊರಿನಿಂದ ಎರಡು ಕಿ.ಮೀ. ದೂರದ ಪಂಪ್ ಮನೆಗೆ ತಂತಿ ಎಳೆಯುವುದೂ ಕೈಗೆಟುಕುವ ಕೆಲಸವಲ್ಲ. ಕಿತ್ತು ಹಾಕಿದ ಕಡಲೆಕಾಯಿ ಗಿಡ ಹೊಲದಲ್ಲಿ ಒಣಗುತ್ತಿರುವಾಗ ಮಳೆಯ ಸೂಚನೆ ಒಂದು ದಿನ ಮೊದಲೇ ತಲುಪಿದರೆ ಬೆಳೆ ಮನೆ ಸೇರುತ್ತದೆ. ತಡವಾದರೆ ಕಾಯಿಗೆ ಬೂಸ್ಟು ಹಿಡಿದು ವರ್ಷದ ದುಡಿಮೆ ಕೈತಪ್ಪುತ್ತದೆ. ನೀರಿನವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರು ಎಂಬುದನ್ನು ತಿಳಿದರೆ ನಮಗೂ ದಾರಿ ಕಾಣುತ್ತದೆ.

ನೀರಿನವರ ಅನುಭವ

ನಮ್ಮ ರಾಜ್ಯದ ಒಳನಾಡಿನ ಉದಾಹರಣೆ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಸಾಗರ ತಾಲ್ಲೂಕಿನ ಆಚೆ ದಡದ ಹಳ್ಳಿಗಳಿಗೆ ಹೊಳೆಬಾಗಿಲಿನ ಲಾಂಚೇ ಮುಖ್ಯ ಆಸರೆಯಾಯಿತು. ಜನ, ವಾಹನಗಳೆಲ್ಲ ಅದರಲ್ಲೇ ದಾಟಬೇಕಿತ್ತು. ನೀರು ದಾಟಲು ಲಾಂಚ್ ಇದ್ದರೂ ಮಾತು ದಾಟಲು ಮೊಬೈಲ್ ಸಂಪರ್ಕ ಸರಿಯಾಗಿರಲಿಲ್ಲ. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂದು ಅಲ್ಲಿನ ಜನ ಚಳವಳಿಯನ್ನೇ ಹೂಡಿದರು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಆದರೆ ಸೇತುವೆ ರಸ್ತೆಯನ್ನು ಕೂಡಿಸುತ್ತದೆಯೇ ಹೊರತು ಮಾತನ್ನಲ್ಲ.

ಕಡಲಿನಲ್ಲಿ ಇದು ಜೀವದ ಪ್ರಶ್ನೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿ ಮೀನುಗಾರರೊಡನೆ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಿನಲ್ಲಿ. ಅಷ್ಟು ತಿಂಗಳು ಏಳು ಮನೆಗಳವರು ಸುದ್ದಿಗಾಗಿ ಕಾದರು.

ಪಕ್ಕದ ಕೇರಳದಲ್ಲಿ ಅಮೃತ ವಿಶ್ವವಿದ್ಯಾಪೀಠದವರು ‘ಓಷನ್‌ನೆಟ್’ ಎಂಬ ವ್ಯವಸ್ಥೆಯನ್ನು ರೂಪಿಸಿದ್ದಾರೆ. ದಡದ ಎತ್ತರದ ಗೋಪುರದಿಂದ ದೂರಗಾಮಿ ವೈಫೈ ಅಲೆಗಳನ್ನು ಹಾಯಿಸಿ, ಕರೆಯಿಂದ 40 ಕಿ.ಮೀ.ಗೂ ಆಚೆ ಇರುವ ದೋಣಿಗೆ ಅಂತರಜಾಲ ಮುಟ್ಟಿಸುವುದು ಇದರ ಉದ್ದೇಶ. ಒಂದು ದೋಣಿ ಪಡೆದ ಸಂಪರ್ಕವನ್ನು ಪಕ್ಕದ ದೋಣಿಗಳಿಗೂ ಹಂಚಬಹುದು. ಒಂದು ಕಾಲುವೆಯಿಂದ ಹಲವು ಮಡಿಗಳಿಗೆ ನೀರು ಹಾಯಿಸಿದಂತೆ ಇದು.

ಅಲೆಗೆ ಬೇಕಾದುದು ಎತ್ತರ

ಇಂತಹ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ದೂರ ಹೋದಂತೆ ದೋಣಿ ಮರೆಯಾಗುತ್ತದೆ. ಇದಕ್ಕೆ ಸುಲಭವಾದ ಲೆಕ್ಕವಿದೆ. ಆಂಟೆನಾದ ಎತ್ತರ ಮೀಟರ್‌ಗಳಲ್ಲಿ ಎಷ್ಟೆಂದು ತಿಳಿದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅಲೆ ಮುಟ್ಟುವ ದೂರ ಕಿ.ಮೀ.ಗಳಲ್ಲಿ ಬರುತ್ತದೆ. 49 ಮೀಟರ್ ಗೋಪುರಕ್ಕೆ ಸುಮಾರು 29 ಕಿ.ಮೀ., ದೋಣಿಯ 9 ಮೀಟರ್ ಕಂಬಕ್ಕೆ ಸುಮಾರು 12 ಕಿ.ಮೀ., ಎರಡೂ ಸೇರಿ 41 ಕಿ.ಮೀ. ದೂರವನ್ನು ಇಮ್ಮಡಿ ಮಾಡಬೇಕಾದರೆ ಎತ್ತರವನ್ನು ನಾಲ್ಕು ಪಟ್ಟು ಮಾಡಬೇಕು ಎಂಬುದನ್ನು ಗಮನಿಸಿರಿ.

ನೀರಿನ ಮೇಲೆ ಇನ್ನೆರಡು ತೊಡಕುಗಳಿವೆ. ನೇರವಾಗಿ ಬಂದ ಅಲೆಯ ಜೊತೆಗೆ ನೀರಿಗೆ ತಗುಲಿ ಚಿಮ್ಮಿದ ಅಲೆಯೂ ಬರುತ್ತದೆ. ಇವೆರಡೂ ಒಂದಕ್ಕೊಂದು ಎದುರಾದಾಗ ಸಂಪರ್ಕ ಕುಸಿಯುತ್ತದೆ. ಬೇರೆ ಬೇರೆ ಎತ್ತರದಲ್ಲಿ ಎರಡು ಆಂಟೆನಾ ಇಟ್ಟರೆ ಈ ತೊಂದರೆ ಕಡಮೆಯಾಗುತ್ತದೆ. ಎರಡನೆಯದಾಗಿ, ದೋಣಿ ಓಲಾಡುತ್ತಾ ದಿಕ್ಕು ಬದಲಿಸುತ್ತದೆ. ಆದುದರಿಂದ ಅದರ ಆಂಟೆನಾ ದಡದ ಕಡೆಗೆ ತಾನಾಗಿ ತಿರುಗುವಂತಿರಬೇಕು.

ನಮ್ಮ ಹೊಲಗಳಲ್ಲಿ

ಹೊಲದ ಪಂಪ್ ಮನೆ ಓಲಾಡುವುದಿಲ್ಲ. ಇದು ನಮಗಿರುವ ದೊಡ್ಡ ಅನುಕೂಲ. ಇಲ್ಲಿ ಅಡ್ಡ ಬರುವುದು ಗುಡ್ಡ, ಹುಣಸೆ ಮರ ಮತ್ತು ತೆಂಗು-ಅಡಿಕೆ ತೋಟಗಳು. ಊರಿನಲ್ಲಿ ಆಪ್ಟಿಕಲ್ ಫೈಬರ್ ಸಂಪರ್ಕವಿದ್ದರೆ ಅಲ್ಲಿಂದ ಹೊಲಕ್ಕೆ ವೈಫೈ ಕೊಂಡಿ ಕಟ್ಟಬಹುದು. ಇದಕ್ಕೆ ಬಳಸುವ 5 ಗಿಗಾಹರ್ಟ್ಸ್ ಪಟ್ಟಿಯ ನಿಗದಿತ ಭಾಗಗಳಿಗೆ, ಶಕ್ತಿಯ ಮಿತಿಯೊಳಗೆ, 2018ರ ನಿಯಮದಂತೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಮೊದಲು ಮಾಳಿಗೆ ಹತ್ತಿ ನೋಡಿರಿ. ಒಂದು ತುದಿಯಿಂದ ಇನ್ನೊಂದು ತುದಿ ಕಣ್ಣಿಗೆ ಕಾಣದಿದ್ದರೆ ಹಣ ಹಾಕಬೇಡಿರಿ.

2. ಕಂಡರಷ್ಟೇ ಸಾಲದು. ಎರಡು ಕಿ.ಮೀ. ಕೊಂಡಿಯ ನಡುದಾರಿಯಲ್ಲಿ, ಮರದ ತುದಿಗಿಂತ ಕನಿಷ್ಠ ಮೂರು ಮೀಟರ್ ಮೇಲೆ ಅಲೆಯ ದಾರಿ ಇರಬೇಕು. ಮರ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. ನೆಂದ ಎಲೆ ಅಲೆಯನ್ನು ಹೆಚ್ಚು ಹೀರುತ್ತದೆ.

3. ಕಂಬವನ್ನು ಗಾಳಿಗೆ ಅಲುಗದಂತೆ ಬಿಗಿತಂತಿ ಕಟ್ಟಿ ನಿಲ್ಲಿಸಬೇಕು. ಸಿಡಿಲಿನಿಂದಾಗುವ ಹಾನಿಯನ್ನು ತಗ್ಗಿಸಲು ಭೂಸಂಪರ್ಕ ಕಡ್ಡಾಯವಾಗಿ ಇರಲಿ. ಗುಡುಗು ಕೇಳಿದ ಮೇಲೆ ಕಂಬದ ಹತ್ತಿರ ಹೋಗಬಾರದು.

4. ಒಬ್ಬರೇ ಖರ್ಚು ಹೊರುವುದಕ್ಕಿಂತ ನಾಲ್ಕಾರು ಮಂದಿ ಅಕ್ಕಪಕ್ಕದವರು ಸೇರುವುದು ಲೇಸು. ಆದರೆ ಸಂಪರ್ಕವನ್ನು ಹೀಗೆ ಹಂಚಿಕೊಳ್ಳಬಹುದೇ ಎಂದು ಸೇವೆ ಕೊಡುವವರನ್ನು ಮೊದಲೇ ಕೇಳಿಕೊಳ್ಳಿರಿ.

ಸಣ್ಣ ಮಾತಿಗೆ ಸಣ್ಣ ದಾರಿ ಸಾಕು

ಕೊಂಡಿ ಕಟ್ಟಲಾಗದವರು ನಿರಾಶರಾಗಬೇಕಿಲ್ಲ. 2024ರ ಆಗಸ್ಟ್ 30ರಂದು ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ರಾಷ್ಟ್ರೀಯ ಯೋಜನೆಗೆ ಚಾಲನೆ ದೊರೆಯಿತು. ಇಸ್ರೋ ತಂತ್ರಜ್ಞಾನದ ಈ ಉಪಕರಣ ಉಪಗ್ರಹದ ಮೂಲಕ ಪುಟ್ಟ ಸಂದೇಶಗಳನ್ನು ಮಾತ್ರ ಒಯ್ಯುತ್ತದೆ. ಅದರಲ್ಲಿ ಸಿನಿಮಾ ನೋಡಲಾಗದು. ಆದರೆ ‘ಚಂಡಮಾರುತ ಬರುತ್ತಿದೆ, ಮರಳಿ ಬಾ’ ಎಂಬ ಮಾತು ಮುಟ್ಟಿದರೆ ಜೀವ ಉಳಿಯುತ್ತದೆ.

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನೆಟ್ಟಿರುವ ಮಳೆಮಾಪಕಗಳೂ ಇದೇ ಬಗೆಯವು. ಸೌರಶಕ್ತಿಯಿಂದ ನಡೆಯುವ ಇವು 15 ನಿಮಿಷಕ್ಕೊಮ್ಮೆ ಕೆಲವು ಅಂಕಿಗಳನ್ನಷ್ಟೇ ಕಳಿಸುತ್ತವೆ. ಹಾಗೆಯೇ ಸಾದಾ ಮೊಬೈಲ್ ಇರುವವರೂ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಹವಾಮಾನ ಸೂಚನೆಗೆ ‘ಮೇಘದೂತ’, ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಆ್ಯಪ್‌ಗಳಿವೆ. ಹೊಲದಲ್ಲಿ ಸಂಪರ್ಕ ಸಿಗದಿದ್ದರೆ, ಕಡಲೆಕಾಯಿ ಕೀಳುವ ಮುನ್ನ ದಿಣ್ಣೆ ಹತ್ತಿಯಾದರೂ ಸೂಚನೆ ನೋಡಿಕೊಂಡು ಬರುವುದು ಒಳ್ಳೆಯದು.

ಉಳುವ ಮುನ್ನ ಹದ ನೋಡುವುದು ನಮ್ಮ ರೂಢಿ. ಕೀಳುವ ಮುನ್ನ ಮುಗಿಲಿನ ಸುದ್ದಿ ಕೇಳುವುದೂ ರೂಢಿಯಾಗಲಿ. ಸುದ್ದಿ ಬರುವ ದಾರಿಯನ್ನು ಎತ್ತರದಲ್ಲಿ, ಅಡ್ಡಿಯಿಲ್ಲದಂತೆ ಇಟ್ಟುಕೊಂಡರೆ ನೀರಿನವರಿಗೆ ಒದಗಿದ ಪ್ರಯೋಜನ ಬಡವನಹಳ್ಳಿಯ ಬೆದ್ದಲು ಹೊಲಕ್ಕೂ ಒದಗುತ್ತದೆ.